ಚಪ್ಪಲಿ ಹತ್ತಿರ ನಿಲ್ಲುವ ಕೆಲಸ

ತೋಳಿನ ಅಳತೆ ತೆಗೆಯುವಾಗ ಆ ಹುಡುಗಿಯ ಬೆರಳು ಕಣ್ಣಿಗೆ ಬಿತ್ತು. ಬಲಗೈ ತೋರುಬೆರಳಿನ ಗಂಟು ಊದಿಕೊಂಡು ನೀಲಿಗಟ್ಟಿತ್ತು.

"ಏನಾತವ್ವ ಇದು?" ಅಂದೆ.

"ಕೋಲು ತಾಗಿದ್ದು ಅಕ್ಕಾ. ಅವತ್ತು ನಿಮ್ಮಲ್ಲಿಗೆ ಬಂದಿದ್ನಲ್ಲ, ಆವಾಗ."

ಟೇಪು ಕೈಯಲ್ಲಿ ಹಿಡಿದುಕೊಂಡೇ ಯೋಚನೆ ಮಾಡಿದೆ. ಅವತ್ತು ಅವಳ ಎದುರಿಗೆ ಯಾರು ಯಾರು ಬಂದಿದ್ದರು? ಮೂವರ ಮುಖ ನೆನಪಾಯಿತು. ಮೂವರೂ ನಮ್ಮಲ್ಲಿ ಚೆಂದ ಕೋಲಾಡುವವರು.

"ಮತ್ತ ಹೋದ ಶನಿವಾರ ಯಾಕ ಬರಲಿಲ್ಲ?"

"ನಾನು ಬಂದ್ರೆ ನಿಮ್ಮೆಲ್ಲರ ಆಟ ಕೆಡುತ್ತೆ ಅಕ್ಕಾ. ಸುಮ್ನೆ ಯಾಕೆ" ಅಂದು ನಕ್ಕಳು. ಆಮೇಲೆ ಕುತ್ತಿಗೆ ಎಷ್ಟು ಆಳ ಇಡಬೇಕು ಅನ್ನೋ ಮಾತಿಗೆ ಹೋದಳು. ನಾನು ಅಳತೆ ಬರೆದುಕೊಂಡೆ. ರಾತ್ರಿ ನೋಡಿದರೆ ಎದೆ ಸುತ್ತಳತೆಯ ಜಾಗದಲ್ಲಿ ತೋಳಿನ ಅಳತೆ ಬರೆದಿದ್ದೆ.

ನನ್ನದು ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆಯ ಒಂದು ಕಾಲೊನಿಯಲ್ಲಿ ಹೊಲಿಗೆ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಮಷೀನು, ಒಂದು ಪಿಕೋ ಮಷೀನು, ಗೋಡೆಗೆ ಒಂದು ಕನ್ನಡಿ. ಕಾಲೊನಿಯ ಹನುಮಪ್ಪನ ಗುಡಿ ಮುಂದೆ ಒಂದಿಷ್ಟು ಬಯಲಿದೆ. ದಸರೆಯಿಂದ ಕಾರ್ತಿಕದ ಗೌರಿ ಹುಣ್ಣಿಮೆ ತನಕ ಪ್ರತಿ ಶನಿವಾರ ಸಂಜೆ ಅಲ್ಲಿ ಹೆಂಗಸರು ಸೇರಿ ಕೋಲಾಡುತ್ತೇವೆ. ಆಮೇಲೆ ವರ್ಷ ಪೂರ್ತಿ ಹುಣ್ಣಿಮೆಗೊಮ್ಮೆ. ಸುಮಾರು ಇಪ್ಪತ್ತು ಜನ. ಸ್ಪರ್ಧೆ ಇಲ್ಲ, ಯೂನಿಫಾರ್ಮ್ ಸೀರೆ ಇಲ್ಲ, ಫೀಸಂತೂ ಇಲ್ಲವೇ ಇಲ್ಲ. ಆಡಿದ ಮೇಲೆ ಯಾರಾದರೂ ಸೂಸಲ ಮಾಡಿ ತಂದಿರುತ್ತಾರೆ, ಇಲ್ಲಾಂದರೆ ಮೂಲೆಯ ಬಂಡಿಯಿಂದ ಮಿರ್ಚಿ ಭಜಿ.

ಮೂರು ವರ್ಷದ ಹಿಂದೆ ನನ್ನ ಬಲ ಮೊಣಕಾಲು ಕೈಕೊಟ್ಟಿತು. ಸುತ್ತಿನಿಂದ ಹೊರಗೆ ಬಂದೆ. ಸುಮ್ಮನೆ ಕೂರಲು ಆಗಲಿಲ್ಲ, ನಡುವೆ ನಿಂತು ತಾಳ ಹಿಡಿದು ಹಾಡು ಎತ್ತಿಕೊಡುವ ಕೆಲಸ ತೆಗೆದುಕೊಂಡೆ. ನಡುವೆ ನಿಂತರೆ ಎಲ್ಲರ ಕಾಲೂ ಕಾಣುತ್ತದೆ. ಸುತ್ತಿನೊಳಗೆ ಇದ್ದಾಗ ಕಾಣದೇ ಇದ್ದದ್ದೆಲ್ಲ ಕಾಣುತ್ತದೆ. ಆದರೂ ನನಗೆ ಆ ಹುಡುಗಿಯ ಬೆರಳು ಕಂಡದ್ದು ಅಂಗಡಿಯಲ್ಲಿ, ಹದಿನೈದು ದಿನ ಆದ ಮೇಲೆ.

ಅವಳು ಮೈಸೂರು ಕಡೆಯವಳು. ಬ್ಯಾಂಕ್ ಕೆಲಸಕ್ಕೆ ಇಲ್ಲಿಗೆ ಬಂದವಳು, ನಮ್ಮ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬಳೇ ಇರುತ್ತಾಳೆ. ದಸರೆ ಸಂಜೆ ನಮ್ಮ ಪಕ್ಕದ ಮನೆ ವೈನಿ ಅವಳ ಕೈಗೂ ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೋಣ್ರಿ" ಅಂದರಂತೆ. ಅವಳು ಎಲೆ ಹಿಡಿದುಕೊಂಡು "ಇದನ್ನ ಈಗ ಏನು ಮಾಡಬೇಕು?" ಅಂತ ಕೇಳಿದಳಂತೆ. ವೈನಿಗೆ ಪಾಪ ಅನ್ನಿಸಿ, ಶನಿವಾರ ಗುಡಿ ಕಡೆ ಬಾ ಅಂತ ಕರೆದರು. ಬಂದಳು.

ಬಂದವಳಿಗೆ ನಾವು ಏನು ಮಾಡಿದೆವು ಅಂತ ಈಗ ಬರೆಯುವಾಗ ನಾಚಿಕೆ ಆಗುತ್ತದೆ. ಕೆಟ್ಟದ್ದೇನೂ ಮಾಡಲಿಲ್ಲ. ಕಲಿಸಿದೆವು. ನಾಲ್ಕೂ ಕಡೆಯಿಂದ ಕಲಿಸಿದೆವು. ಎಡಕ್ಕೆ ನಿಂತವರು "ಬಲಗೈ, ಬಲಗೈ" ಅಂದರೆ ಎದುರಿನವರು "ಮ್ಯಾಲ ಹಿಡಿ" ಅಂತಾರೆ, ಹಿಂದಿನಿಂದ ಒಬ್ಬರು ಹೆಗಲು ಹಿಡಿದು ತಿರುಗಿಸುತ್ತಾರೆ. ನಡುವಿನಿಂದ ನಾನು, ತಾಳದ ಸದ್ದಿಗೂ ಮೀರಿ, "ಹೊಳ್ಳು! ಹೊಳ್ಳು!" ಅಂತ ಕೂಗುತ್ತಿದ್ದೆ. ಹೊಳ್ಳು ಅಂದರೆ ಏನು ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಅವರ ಕಡೆ ತಿರುಗು ಅಂತಾರೆ. ಇನ್ನೊಂದು ಇದಕ್ಕಿಂತ ತಮಾಷೆ. ಜಾಗ ಬಿಟ್ಟು ಮುಂದಕ್ಕೆ ಹೋಗಲಿ ಅಂತ ನಾವು "ಸರಿ, ಸರಿ" ಅನ್ನುತ್ತಿದ್ದೆವು. ಅವಳು ತಾನು ಮಾಡುತ್ತಿರುವುದು ಸರಿಯಾಗಿದೆ ಅಂದುಕೊಂಡು ಅಲ್ಲೇ ನಿಂತು ಮಾಡುತ್ತಿದ್ದಳು! ಇದನ್ನು ಅವಳೇ ಆಮೇಲೆ ಹೇಳಿದ್ದು. ಆವತ್ತು ಅಂಗಡಿಯಲ್ಲಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ಸುತ್ತಿನಲ್ಲಿ ಇದ್ದಾಗ ಅವಳಿಗೆ ನಗು ಬಂದಿರಲಿಕ್ಕಿಲ್ಲ.

ಅವಳ ಮಾತು ಕೇಳಿದ ಮೇಲೆ ನನಗೆ ನನ್ನದೇ ಕತೆ ನೆನಪಾಯಿತು. ನಾನು ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಶಹಾಪುರದ ಕಡೆಯವಳು. 1991ರಲ್ಲಿ ಮದುವೆಯಾಗಿ ಈ ಊರಿಗೆ ಬಂದೆ. ಯಾದಗಿರಿ ಬೇರೆ ಜಿಲ್ಲೆ ಆದದ್ದು 2009ರ ಕೊನೆಗೆ, ಅಲ್ಲಿಯ ತನಕ ಅದೂ ಗುಲ್ಬರ್ಗಾ ಜಿಲ್ಲೆಯೇ. ಅಂದರೆ ಅದೇ ಜಿಲ್ಲೆ, ಅದೇ ಮಾತು, ಅದೇ ರೊಟ್ಟಿ. ಆದರೆ ಕೋಲಾಟದ ಹೆಜ್ಜೆ ಬೇರೆ. ನಮ್ಮೂರಲ್ಲಿ ಮೊದಲು ಎಡಗಾಲು, ಇಲ್ಲಿ ಬಲಗಾಲು. ಆ ವರ್ಷದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ತೆಗೆದುಕೊಂಡು ಹೋದಾಗ ನನ್ನನ್ನೂ ಸುತ್ತಿಗೆ ಎಳೆದರು. ಹೊಸ ಸೊಸೆ, ತಲೆ ಮೇಲೆ ಸೆರಗು, ಜೊತೆಗೆ ಅತ್ತೆಯ ಕಣ್ಣು. ಎರಡೇ ಏಟಿಗೆ ತಪ್ಪಿದೆ. ಮುಖ ಬಿಸಿಯಾಯಿತು.

ಆಗ ನನ್ನೆದುರು ಒಬ್ಬ ಆಯಿ ಬಂದಳು. ಎಪ್ಪತ್ತು ದಾಟಿದವಳು. ಅವಳು ಒಂದೂ ಮಾತಾಡಲಿಲ್ಲ. ತನ್ನ ಕೋಲನ್ನು ಮುಖದ ಮಟ್ಟಕ್ಕೆ ಎತ್ತಿ ಹಾಗೇ ಹಿಡಿದು ನಿಂತುಬಿಟ್ಟಳು. ಬೀಸಲಿಲ್ಲ, ಹೊಡೆಯಲಿಲ್ಲ. ನನ್ನ ಕಣ್ಣನ್ನೇ ನೋಡುತ್ತಾ ನಿಂತಳು. ನಾನು ನನ್ನ ಕೋಲು ತಂದು ಅವಳ ಕೋಲಿಗೆ ತಾಗಿಸಿದೆ. ಟಕ್. ಅವಳು ಇನ್ನೊಂದನ್ನು ಎತ್ತಿ ಹಿಡಿದಳು. ಮತ್ತೆ ತಾಗಿಸಿದೆ. ಅಷ್ಟೇ. ಬಾಗಿಲ ಅಗುಳಿ ಬಡಿದ ಹಾಗೆ ಅವಳ ಕೋಲು ಅಲ್ಲೇ ಇರುತ್ತಿತ್ತು, ನಾನು ಯಾವಾಗ ಬಂದರೂ ಸಿಗುತ್ತಿತ್ತು. ಮುಂದಿನ ಸುತ್ತಿಗೆ ಅವಳು ಮತ್ತೆ ಬರುವ ಹೊತ್ತಿಗೆ ನನ್ನ ಕಾಲು ತಾನಾಗೇ ಬಲಕ್ಕೆ ಬಿದ್ದಿತ್ತು.

ಇಷ್ಟು ಪುಣ್ಯ ತಿಂದು ಬೆಳೆದವಳು ನಾನು, ಆ ಹುಡುಗಿಗೆ ಹೊಳ್ಳು ಹೊಳ್ಳು ಅಂತ ಕೂಗಿದ್ದು!

ಜೋಡಿಯಾಗಿ ಆಡುವ ಆಟದ್ದೇ ಈ ಕಷ್ಟ. ನಮ್ಮೂರಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕುವ ಗುಂಡಿಯ ಸುತ್ತ ಕುಣಿತ ಇರುತ್ತದೆ. ಹಿಂದೂ, ಮುಸ್ಲಿಂ ಅಂತ ನೋಡದೆ ಗಂಡಸರು, ಹುಡುಗರು ಎಲ್ಲರೂ ಬೆಂಕಿಯ ಸುತ್ತ ಒಂದೇ ಹೆಜ್ಜೆ ಹಾಕುತ್ತಾರೆ. ನಾನು ಚಿಕ್ಕವಳಿದ್ದಾಗ ಕಟ್ಟೆ ಮೇಲೆ ಕೂತು ನೋಡುತ್ತಿದ್ದೆ. ಅಲ್ಲಿ ಹೊಸಬ ಅನ್ನೋದು ಗೊತ್ತೇ ಆಗುವುದಿಲ್ಲ. ತಪ್ಪಿದರೂ ಸುತ್ತು ಹೊತ್ತುಕೊಂಡು ಹೋಗುತ್ತದೆ. ಗರ್ಬಾ ಕೂಡ ಹಾಗೆಯೇ, ಚಪ್ಪಾಳೆ ತಟ್ಟುತ್ತಾ ಸುತ್ತಿನ ಬಾಲಕ್ಕೆ ಸೇರಿಕೊಂಡರಾಯಿತು. ಆದರೆ ಕೋಲಾಟ, ದಾಂಡಿಯಾದಲ್ಲಿ ಎದುರಿಗೊಬ್ಬರು ಇರುತ್ತಾರೆ. ನೀವು ತಪ್ಪಿದರೆ ಅವರ ಕೋಲು ಗಾಳಿಯಲ್ಲಿ ನಿಲ್ಲುತ್ತದೆ. ತಪ್ಪು ಇಬ್ಬರ ಕಣ್ಣಿಗೂ ಕಾಣುತ್ತದೆ. ನಿಮ್ಮ ಆಟ ಕೆಡುತ್ತೆ ಅಂತ ಅವಳು ಅಂದದ್ದು ಅದಕ್ಕೇ.

ಗರ್ಬಾ ಅಂದೆನಲ್ಲ, ಅದರದ್ದೂ ಒಂದು ಹೇಳಿಬಿಡುತ್ತೇನೆ. 2023ರ ಡಿಸೆಂಬರಿನಲ್ಲಿ ಗುಜರಾತಿನ ಗರ್ಬಾ ಯುನೆಸ್ಕೊ ಪಟ್ಟಿಗೆ ಸೇರಿತು ಅಂತ ಪೇಪರಿನಲ್ಲಿ ಓದಿದ್ದೆ. ಅದರ ಮುಂದಿನ ನವರಾತ್ರಿಗೆ ನಾನು, ನನ್ನ ತಂಗಿ ಇಬ್ಬರೂ ಟಿಕೆಟ್ ತೆಗೆದುಕೊಂಡು ಒಂದು ಫಂಕ್ಷನ್ ಹಾಲಿಗೆ ದಾಂಡಿಯಾ ನೋಡಲು ಹೋದೆವು. ಆಡಲಿಕ್ಕೂ ಆಸೆ ಇತ್ತು, ಸುಳ್ಳು ಯಾಕೆ. ಅವತ್ತು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಹೋಗಿದ್ದೆ. ಎರಡು ತಾಸು ಗೋಡೆಗೆ ಒರಗಿ ನಿಂತೆವು. ಯಾರೂ ಬಾ ಅನ್ನಲಿಲ್ಲ, ಯಾರೂ ಹೋಗು ಅಂತಲೂ ಅನ್ನಲಿಲ್ಲ. ಚೆನ್ನಾಗಿ ಆಡುವವರು ಚೆನ್ನಾಗಿ ಆಡುವವರ ಜೊತೆಗೇ ಸೇರಿಕೊಂಡರು. ತಂಗಿ ಐಸ್‌ಕ್ರೀಮ್ ತಿಂದಳು, ಮನೆಗೆ ಬಂದೆವು. ಅವತ್ತು ಆ ಹಾಲಿನವರನ್ನು ಬೈದುಕೊಂಡು ಬಂದೆ. ನಮ್ಮ ಗುಡಿ ಬಯಲಿನಲ್ಲೂ ಅದೇ ನಡೀತಿದೆ ಅಂತ ಆಗ ಹೊಳೆದಿರಲಿಲ್ಲ.

ಆ ನೀಲಿ ಬೆರಳು ನೋಡಿದ ವಾರವೇ ನಾಲ್ಕೈದು ಜನ ನಮ್ಮ ಅಂಗಡಿಯಲ್ಲಿ ಕೂತು ಮಾತಾಡಿದೆವು. ಮೊದಲು ನಾನೇ ಒಪ್ಪಿಕೊಂಡೆ, ಜಾಸ್ತಿ ಕೂಗುವವಳು ನಾನೇ ಅಂತ. ಹಾಡು ನಡೆಯುವಾಗ ಯಾರೂ ಕಲಿಸಬಾರದು ಅಂತ ಆಯಿತು. ಕಲಿಸುವುದಿದ್ದರೆ ಹಾಡಿಗೆ ಮುಂಚೆ, ಒಬ್ಬರೇ. ಹಾಡು ಸುರುವಾದ ಮೇಲೆ ಕೋಲು ಎತ್ತಿ ಹಿಡಿಯುವುದು, ಕಣ್ಣು ನೋಡುವುದು, ಅಷ್ಟೇ. ಆಯಿ ಮಾಡಿದ ಹಾಗೆ. ಇದನ್ನು ಹೇಳುವುದು ಸುಲಭ, ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅಂತ ನಮಗೇ ಗೊತ್ತು. ಒಬ್ಬರಂತೂ ಮೊದಲ ಶನಿವಾರ ಬಾಯಲ್ಲಿ ಅಡಿಕೆ ಹಾಕಿಕೊಂಡು ಆಡಿದರು.

ಇನ್ನೊಂದು, ಹೊಸಬರನ್ನು ನಿಲ್ಲಿಸುವ ಜಾಗ. ನಮ್ಮದು ಎರಡು ಸುತ್ತು. ಒಳಸುತ್ತಿನವರು ನಿಂತಲ್ಲೇ ನಿಲ್ಲುತ್ತಾರೆ, ಹೊರಸುತ್ತಿನವರು ಎಂಟು ಏಟು ಆದ ಕೂಡಲೇ ಪಕ್ಕದವರ ಎದುರಿಗೆ ಸರಿಯುತ್ತಾರೆ. ಜಾಗ ಜಾಸ್ತಿ ಇರುತ್ತದೆ ಅಂತ ನಾವು ಹೊಸಬರನ್ನು ಯಾವಾಗಲೂ ಹೊರಸುತ್ತಿಗೆ ಹಾಕುತ್ತಿದ್ದೆವು. ಎಷ್ಟು ದಡ್ಡತನ ನೋಡಿ. ಕೋಲೂ ಹೊಡೆಯಬೇಕು, ಏಟೂ ಎಣಿಸಬೇಕು, ಸರಿಯಲೂಬೇಕು. ಮೂರೂ ಒಟ್ಟಿಗೆ ಆದರೆ ಯಾರಿಗೆ ಬರುತ್ತದೆ? ಈಗ ಒಳಸುತ್ತಿನಲ್ಲಿ ನಿಲ್ಲಿಸುತ್ತೇವೆ. ಅವರು ನಿಂತಿರುತ್ತಾರೆ, ಮುಖಗಳು ತಾವಾಗೇ ಎದುರಿಗೆ ಬರುತ್ತವೆ. ಸುತ್ತಿನಲ್ಲಿ ಹತ್ತು ಜೋಡಿ ಇದ್ದರೆ ಎಂಬತ್ತು ಏಟಿಗೆ ಹತ್ತು ಜನರ ಮುಖ ನೋಡಿದ ಹಾಗಾಯಿತು. ಒಬ್ಬರ ಜೊತೆ ತಪ್ಪಿದರೂ ಎಂಟೇ ಏಟು, ಮುಂದಿನವರು ಬಂದು ಹೊಸದಾಗಿ ಸುರು ಮಾಡುತ್ತಾರೆ. ಹೊಲಿಗೆಯಲ್ಲಿ ಕಚ್ಚಾ ಟಾಕಿ ಹಾಕುತ್ತೇವಲ್ಲ, ಹಾಗೆ. ಮೊದಲು ಬಟ್ಟೆ ಜಾರದಂತೆ ಹಿಡಿದುಕೊಂಡರೆ ಸಾಕು.

ಇಬ್ಬರು ಹೊಸಬರು ಗೆಳತಿಯರು ಒಟ್ಟಿಗೆ ಬಂದರೆ ಪಕ್ಕಪಕ್ಕ ನಿಲ್ಲುತ್ತೇವೆ ಅಂತಾರೆ. ನಿಲ್ಲಲಿ. ಎದುರೆದುರು ಮಾತ್ರ ಬೇಡ. ಇಬ್ಬರೂ ಸೇರಿ ದಾರಿ ತಪ್ಪಿ, ಇಬ್ಬರೂ ನಗುತ್ತಾ ಹೊರಗೆ ಹೋಗಿ ಕೂರುತ್ತಾರೆ. ಆಮೇಲೆ ಬರುವುದಿಲ್ಲ.

ಕೋಲಿನ ಮಾತೂ ಬಂತು. ಬೆರಳಿಗೆ ಏಟು ಬೀಳುವುದು ಹಿಡಿತದಿಂದ. ಹೊಸಬರು ಹೆದರಿಕೊಂಡು ಕೋಲಿನ ನಡುವಿಗೇ ಮುಷ್ಟಿ ಕಟ್ಟುತ್ತಾರೆ, ಅಡ್ಡಡ್ಡ ಬೀಸುತ್ತಾರೆ. ಎದುರಿನ ಕೋಲು ಬಂದು ಕುಳಿತುಕೊಳ್ಳುವುದು ಗಂಟಿನ ಮೇಲೆಯೇ. ಕೆಳಗಿನ ತುದಿಯ ಹತ್ತಿರ ಹಿಡಿದು, ಕೋಲು ನೆಟ್ಟಗೆ ಎತ್ತಿ, ಮೇಲಿನ ಭಾಗಕ್ಕೆ ತಾಗಿಸಿದರೆ ಏನೂ ಆಗುವುದಿಲ್ಲ. ನಾನು ಹೊಸಬರ ಕೋಲಿಗೆ ಕೆಳಗಿನಿಂದ ನಾಲ್ಕು ಬೆರಳು ಬಿಟ್ಟು ಕೆಂಪು ಟೇಪು ಸುತ್ತುತ್ತೇನೆ. ಕೈ ಅದರ ಕೆಳಗೇ ಇರಬೇಕು. ನಮ್ಮೂರ ಶರಣಬಸವೇಶ್ವರ ಅಪ್ಪನ ಜಾತ್ರೆಯಲ್ಲಿ ಕೊಂಡ ಬಣ್ಣದ ಕೋಲು ಬಹಳ ಹಗುರ, ಕಲಿಯುವವರಿಗೆ ಅದೇ ಒಳ್ಳೆಯದು. ಬಡಿಗ ಕಡೆದುಕೊಟ್ಟ ಕೋಲಿನ ಸದ್ದು ಚೆಂದ, ಆದರೆ ಬಿದ್ದರೆ ಗೊತ್ತಾಗುತ್ತದೆ.

ಲಯದ ತಪ್ಪು ನನ್ನದು. ಹಾಡು ಏರಿದಂತೆ ತಾಳ ಏರಿಸುವುದು ನನ್ನ ಚಟ. ಅದನ್ನು ಬಿಡಬೇಕು ಅಂತ ಮೊದಲ ಹಾಡನ್ನು ಎಷ್ಟು ನಿಧಾನ ಹಿಡಿದೆ ಅಂದರೆ ಹಳಬರೂ ಎಡವಿದರು. ತೀರಾ ನಿಧಾನವಾದರೆ ಕಾಲಿಗೆ ತೂಗು ಸಿಗುವುದಿಲ್ಲ, ಒಂದೇ ಕಾಲಿನ ಮೇಲೆ ಕೊಕ್ಕರೆ ಹಾಗೆ ನಿಲ್ಲಬೇಕಾಗುತ್ತದೆ. ಈಗ ರಸ್ತೆಯಲ್ಲಿ ಆರಾಮ ನಡೆಯುವ ಲಯಕ್ಕೆ ಹಿಡಿಯುತ್ತೇನೆ. ಅದು ಎಲ್ಲರಿಗೂ ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಹೊಸಬರು ಹೋಗುತ್ತಲೇ ಇದ್ದರು. ಯಾವಾಗ ಹೋಗುತ್ತಾರೆ ಅಂತ ನೋಡಿದೆ. ಆಡುವಾಗ ಯಾರೂ ಹೋಗುವುದಿಲ್ಲ. ಎರಡು ಹಾಡಿನ ನಡುವೆ ನೀರು ಕುಡಿಯಲು ನಿಲ್ಲುತ್ತೇವಲ್ಲ, ಆಗ. ನಾವೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು, ಮಗಳ ನೆಂಟಸ್ತನ, ಸೊಸೆಯ ಬಾಣಂತನ, ತೊಗರಿ ರೇಟು ಅಂತ ಗುಂಪಾಗಿ ಬಿಡುತ್ತೇವೆ. ಹೊಸಬರು ಮೊದಲು ಫೋನ್ ತೆಗೆಯುತ್ತಾರೆ. ಆಮೇಲೆ ಗುಡಿಗೆ ಕೈ ಮುಗಿಯುತ್ತಾರೆ. ಆಮೇಲೆ ಮೆಲ್ಲಗೆ ಚಪ್ಪಲಿ ಬಿಟ್ಟ ಕಡೆ ನಡೆಯುತ್ತಾರೆ. ಒಂದು ಚಪ್ಪಲಿಗೆ ಕಾಲು ತೂರಿಸಿ, ಇನ್ನೊಂದನ್ನು ಹುಡುಕುವ ಹಾಗೆ ಮಾಡುತ್ತಾ ಒಂದು ಸಲ ಹಿಂದೆ ನೋಡುತ್ತಾರೆ. ಆ ನೋಟವನ್ನು ನಾನು ಎಷ್ಟು ಸಲ ನೋಡಿದ್ದೇನೆ! ಆ ಹೊತ್ತಿಗೆ ಯಾರಾದರೂ "ಎಲ್ಲಿಗ್ರಿ, ಇನ್ನೊಂದ್ ಹಾಡೈತಿ" ಅಂದರೆ ಹತ್ತರಲ್ಲಿ ಎಂಟು ಜನ ಹೊಳ್ಳಿ ಬರುತ್ತಾರೆ. ಎರಡನೇ ಚಪ್ಪಲಿಯೂ ಕಾಲಿಗೆ ಹೋದ ಮೇಲೆ ಕರೆದರೆ "ಇಲ್ರೀ, ಮನ್ಯಾಗ ಕೆಲಸೈತಿ" ಅಂತಾರೆ.

ಅದಕ್ಕೇ ಈಗ ನೀರಿನ ಹೊತ್ತಿನಲ್ಲಿ ಒಬ್ಬರು ಚಪ್ಪಲಿ ಹತ್ತಿರ ನಿಲ್ಲಬೇಕು ಅಂತ ಪಾಳಿ ಹಚ್ಚಿದ್ದೇವೆ. ನೋಡುವವರಿಗೆ ಚಪ್ಪಲಿ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಅನ್ನಿಸಲಿ. ಅಲ್ಲಿ ನಿಂತವರು ಕಲಿಸುವ ಮಾತು ಆಡಬಾರದು, ಅದೂ ಒಂದು ಕಟ್ಟಳೆ. ಯಾವ ಊರು, ಯಾರ ಮನೆ ಪಕ್ಕ, ಇಲ್ಲಿಯ ಬಿಸಿಲು ಹೇಗೆ ತಡೀತೀರಿ, ಅಷ್ಟೇ. ಮತ್ತೆ ಹೆಸರು ಕೇಳಿ, ಮುಂದಿನ ಹಾಡಿಗೆ ಆ ಹೆಸರು ಹಿಡಿದೇ ಕರೆಯಬೇಕು.

ಬ್ಯಾಂಕಿನ ಹುಡುಗಿ ಗೌರಿ ಹುಣ್ಣಿಮೆಗೆ ಬಂದಳು. ನಾನೇ ಹೋಗಿ ಕರೆದೆ, ಬ್ಲೌಸ್ ಕೊಡುವ ನೆಪ ಮಾಡಿಕೊಂಡು. ಒಳಸುತ್ತಿನಲ್ಲಿ ನಿಂತಳು. ಚೆನ್ನಾಗಿ ಆಡಿದಳು ಅಂತೇನೂ ಹೇಳಲಾರೆ. ಎಂಟು ಏಟಿನಲ್ಲಿ ಐದು ತಾಗಿಸುತ್ತಿದ್ದಳು. ಸಕ್ಕರೆ ಗೊಂಬೆಯ ಆರತಿ ಅವಳು ಅದೇ ಮೊದಲು ನೋಡಿದ್ದು. ಒಂದು ಸಕ್ಕರೆ ಗಿಳಿಯನ್ನು ಊರಿಗೆ ಒಯ್ಯುತ್ತೇನೆ ಅಂತ ಡಬ್ಬಿಯಲ್ಲಿ ಹಾಕಿಕೊಂಡಳು. ಇರುವೆ ತಿಂದವಂತೆ. ಈಗ ಅವಳು ಏಳು ತಾಗಿಸುತ್ತಾಳೆ.

ಹಳಬರದ್ದೂ ಒಂದು ತಕರಾರಿದೆ, ಅದು ಸುಳ್ಳೇನೂ ಅಲ್ಲ. "ಯಕ್ಕಾ, ನಾವು ಯಾವಾಗ ಆಡೂದು? ವಾರಕ್ಕೊಂದಿನ ಸಿಗೂದು, ಅದ್ರಾಗೂ ಬರೇ ಕೋಲು ಹಿಡ್ಕೊಂಡು ನಿಂದ್ರೂದಾತು" ಅಂತ ಒಬ್ಬರು ಮುಖ ಊದಿಸಿಕೊಂಡರು. ಅವರ ಮೈಯಲ್ಲಿ ಆಟ ಇದೆ. ಅದನ್ನು ಕಟ್ಟಿಹಾಕುವುದು ನನಗೂ ಇಷ್ಟವಿಲ್ಲ. ಕೊನೆಯ ಅರ್ಧ ತಾಸು ಹಳಬರಿಗೇ ಅಂತ ಬಿಟ್ಟಿದ್ದೇವೆ. ಆಗ ನಾನೂ ಚಟ ತೀರಿಸಿಕೊಳ್ಳುತ್ತೇನೆ, ತಾಳ ಎಲ್ಲಿಗೆ ಏರಬೇಕೋ ಅಲ್ಲಿಗೆ ಏರುತ್ತದೆ. ಹೊಸಬರು ಕಟ್ಟೆ ಮೇಲೆ ಕೂತು ಭಜಿ ತಿನ್ನುತ್ತಾ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಗ ಅವರಿಗೆ ತಾವು ಹೊರಗಿನವರು ಅನ್ನಿಸುವುದಿಲ್ಲ, ಯಾಕೆಂದರೆ ಸ್ವಲ್ಪ ಹೊತ್ತಿನ ಹಿಂದೆ ಅವರೂ ಅದೇ ಸುತ್ತಿನಲ್ಲಿ ಇದ್ದರು.

ಅತಿಯಾಗಿಯೂ ಮಾಡಿದ್ದೇವೆ. ರಿಟೈರ್ ಆದ ಟೀಚರ್ ಒಬ್ಬರು ಪ್ರತಿ ಸಲ ಬಂದು ಕುರ್ಚಿ ಮೇಲೆ ಕೂರುತ್ತಿದ್ದರು. ನಾವು ಸುಮ್ಮನಿರಬೇಕಲ್ಲ. ಬರ್ರಿ ಬರ್ರಿ ಅಂತ ಮೂರು ವಾರ ಕೈ ಹಿಡಿದು ಎಳೆದೆವು. ನಾಲ್ಕನೇ ವಾರ ಅವರು ಕನ್ನಡಕ ತೆಗೆದು, "ನೋಡ್ರಿ, ನಾ ಇಲ್ಲಿ ನೋಡ್ಲಿಕ್ಕ ಬರ್ತೀನಿ. ಆಡ್ಲಿಕ್ಕ ಅಲ್ಲ. ನನ್ನ ಪಾಡಿಗೆ ನನ್ನ ಬಿಡ್ರಿ" ಅಂದರು. ಬಿಟ್ಟೆವು. ಇವತ್ತಿಗೂ ಅದೇ ಕುರ್ಚಿ, ಮಡಿಲಲ್ಲಿ ಹುರಿದ ಶೇಂಗಾ. ಅವರಿಗೆ ಒಂದು ಲೋಟ ಚಹಾ ಹೋಗುತ್ತದೆ, ಅಷ್ಟೇ.

ಇನ್ನೊಬ್ಬರ ವಿಷಯ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಈ ಚಪ್ಪಲಿ ಪಾಳಿ ಸುರುವಾಗುವುದಕ್ಕೆ ಮುಂಚೆ ಬೀದರ್ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳು ಎರಡು ಶನಿವಾರ ಬಂದಿದ್ದರು. ಹೆಚ್ಚು ಮಾತಿಲ್ಲ. ಎರಡನೇ ಶನಿವಾರ ನೀರಿನ ಹೊತ್ತಿನಲ್ಲಿ ಹೋದವರು ಮತ್ತೆ ಬರಲಿಲ್ಲ. ಹೆಸರು ಕೇಳಿದ್ದೆವು, ಯಾರಿಗೂ ನೆನಪಿಲ್ಲ. ಯಾವ ಬೀದಿ ಅಂತಲೂ ಗೊತ್ತಿಲ್ಲ. ಅವರ ಜೋಡಿ ಕೋಲು ಗುಡಿ ಕಟ್ಟೆ ಮೇಲೆ ಉಳಿದಿತ್ತು. ಮನೆಯಿಂದ ತಂದಿದ್ದ ಹಳೆಯ ಕೋಲು, ತುದಿಗೆ ಹಿತ್ತಾಳೆ ಗೆಜ್ಜೆ ಕಟ್ಟಿದ್ದು. ಅಂದರೆ ಅವರಿಗೆ ಕೋಲಾಟ ಬರುತ್ತಿತ್ತು. ನಮ್ಮ ಹೆಜ್ಜೆ ಬರುತ್ತಿರಲಿಲ್ಲ, ಅಷ್ಟೇ.

ಕೋಲು ನನ್ನ ಅಂಗಡಿಯಲ್ಲಿ ಪಿಕೋ ಮಷೀನಿನ ಪಕ್ಕ ನಿಲ್ಲಿಸಿದ್ದೇನೆ. ಬೀದರಿನ ಮಾತು ಯಾರ ಬಾಯಲ್ಲಿ ಕೇಳಿದರೂ ಒಂದು ಸಲ ಮುಖ ನೋಡುತ್ತೇನೆ. ಮೊನ್ನೆ ನಮ್ಮ ಮನೆಯವರು ಮೂಲೆಯ ಜೇಡರ ಬಲೆ ತೆಗೆಯಲು ಅದರಲ್ಲಿ ಒಂದನ್ನು ಎತ್ತಿಕೊಂಡಿದ್ದರು. ಗೆಜ್ಜೆ ಸದ್ದು ಕೇಳಿ ಒಳಗಿನಿಂದ ಓಡಿ ಬಂದೆ.

"ಅದು ನಮ್ಮದಲ್ರೀ, ಇಡ್ರಿ ಅಲ್ಲೇ" ಅಂದೆ.